ಹದಿನಾರು ಸೆಕೆಂಡಿನ ಕಲ್ಯಾಣಿ

"ಯಾರೋ ಅದು, ಗಂಟಲು ಕೆಟ್ಟೋರು ಕಲ್ಯಾಣಿ ಹಾಡ್ತಿರೋದು?"

ಅಮ್ಮ ಅಡುಗೆಮನೆಯಿಂದಲೇ ಕೇಳಿದಳು. ಹಾಡುತ್ತಿದ್ದವಳು ಅವಳೇ. ಮೂವತ್ತು ವರ್ಷಕ್ಕೂ ಹಿಂದಿನ ಅವಳು. ಹಾಡಿಸುತ್ತಿದ್ದದ್ದು ಮಾತ್ರ ಟೇಪ್ ರೆಕಾರ್ಡರ್ ಅಲ್ಲ, ರಬ್ಬರ್ ಕೀಗಳ ಒಂದು ಹಳೇ ಕಂಪ್ಯೂಟರ್.

ನಾನು ಉತ್ತರ ಕೊಡಲಿಲ್ಲ. ಗಂಟಲು ಕೆಟ್ಟಿದೆ ಅಂದದ್ದಕ್ಕೆ ಬೇಜಾರಾಗಲಿಲ್ಲ. ಕಲ್ಯಾಣಿ ಅಂದಳಲ್ಲ, ಅದಕ್ಕೆ ಕುಣಿಯುವಷ್ಟು ಖುಷಿಯಾಗಿತ್ತು. ಇದೇ ಯಂತ್ರದಿಂದ ಕಲ್ಯಾಣಿ ಹೊರಡಿಸಲು ನಾನು ಮೊದಲ ಸಲ ಹೊರಟದ್ದು ಹದಿಮೂರನೇ ವಯಸ್ಸಿನಲ್ಲಿ. ಆಗ ಅಮ್ಮ ಅದನ್ನು ರಾಗ ಅಂತಲೇ ಒಪ್ಪಿರಲಿಲ್ಲ.

1986ರಲ್ಲಿ ಚಿಕ್ಕಪ್ಪ ಲಂಡನ್ನಿನಿಂದ ಬರುವಾಗ ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ಸುತ್ತಿಟ್ಟು ಒಂದು ಝೆಡ್‌ಎಕ್ಸ್ ಸ್ಪೆಕ್ಟ್ರಮ್ ತಂದಿದ್ದರು. ಸಿಂಕ್ಲೇರ್ ಕಂಪನಿ 1982ರಲ್ಲಿ ಬಿಟ್ಟ ಕಂಪ್ಯೂಟರ್. ಒಳಗೆ ಝೆಡ್ 80 ಪ್ರೊಸೆಸರ್, ಸೆಕೆಂಡಿಗೆ 35 ಲಕ್ಷ ಬಡಿತ, 48 ಕೆ ಮೆಮೊರಿ. ಟಿವಿಗೆ ಸಿಕ್ಕಿಸಿದರೆ ಆಯಿತು, ಪ್ರೋಗ್ರಾಂಗಳೆಲ್ಲ ಕ್ಯಾಸೆಟ್ಟಿನಲ್ಲಿ. ಆದರೆ ಬೆಂಗಳೂರಿನ ಹನುಮಂತನಗರದ ನಮ್ಮ ಮನೆಯ ಟಿವಿಗೆ ಸಿಕ್ಕಿಸಿದರೆ ಬರೀ ಕಪ್ಪು ಬಿಳಿ ಚುಕ್ಕೆ. ಸ್ಪೆಕ್ಟ್ರಮ್ ತನ್ನ ಚಿತ್ರವನ್ನು ಯುಎಚ್‌ಎಫ್‌ನ 36ನೇ ಚಾನೆಲ್‌ನಲ್ಲಿ ಕಳಿಸುತ್ತದೆ. ನಮ್ಮ ಟಿವಿಗೆ ಗೊತ್ತಿದ್ದದ್ದು ವಿಎಚ್‌ಎಫ್, ಅಂದರೆ ದೂರದರ್ಶನ ಬರುವ ಚಾನೆಲ್‌ಗಳು ಮಾತ್ರ. ಎರಡು ವಾರ ಆ ಕಂಪ್ಯೂಟರ್ ಷೋಕೇಸಿನಲ್ಲಿ ಗೊಂಬೆ ಥರ ಕೂತಿತ್ತು. ಕೊನೆಗೆ ಬೀದಿಯ ಟಿವಿ ರಿಪೇರಿಯವರು ಎರಡನ್ನೂ ಬಿಚ್ಚಿ, ನೇರ ಒಂದು ತಂತಿ ಬೆಸುಗೆ ಹಾಕಿಕೊಟ್ಟರು. ಪರದೆ ಮೇಲೆ ಸಿಂಕ್ಲೇರ್ ಹೆಸರು ಮೂಡಿದಾಗ ಅವರ ಮುಖದಲ್ಲಿದ್ದ ನಗು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

ಅಮ್ಮ ಸಂಗೀತ ಪಾಠ ಹೇಳುತ್ತಿದ್ದಳು. ನಡುಮನೆಯಲ್ಲಿ ಸಂಜೆ ಐದರಿಂದ ಎಂಟರವರೆಗೆ ಸರಳೆ, ಜಂಟಿ, ಅಲಂಕಾರ. ಅದರ ಮಧ್ಯೆಯೇ ನನ್ನ ಕಂಪ್ಯೂಟರ್. ಒಂದು ದಿನ ಕೇಳಿದಳು: "ನಿನ್ನ ಪೆಟ್ಟಿಗೆ ಹಾಡುತ್ತೇನೋ?"

ಹಾಡುತ್ತದೆ! ಅದರ ಪ್ರೋಗ್ರಾಂ ಭಾಷೆಯಾದ ಬೇಸಿಕ್‌ನಲ್ಲಿ ಬೀಪ್ ಅಂತ ಒಂದು ಆಜ್ಞೆ ಇತ್ತು. ಎಷ್ಟು ಹೊತ್ತು, ಯಾವ ಸ್ವರ ಅಂತ ಎರಡು ಸಂಖ್ಯೆ ಕೊಟ್ಟರೆ ಸಾಕು. ಸೊನ್ನೆ ಅಂದರೆ ಪಿಯಾನೋದ ನಡುವಿನ ಸಿ. ಒಂದೊಂದು ಸಂಖ್ಯೆ ಜಾಸ್ತಿ ಮಾಡಿದ ಹಾಗೆ ಅರ್ಧರ್ಧ ಸ್ವರ ಮೇಲೆ. ಹಾರ್ಮೋನಿಯಂ ಮುಂದೆ ಕೂತು ಲೆಕ್ಕ ಹಾಕಿದೆ. ಕಲ್ಯಾಣಿಗೆ 0, 2, 4, 6, 7, 9, 11, 12. ಅಷ್ಟೇ ಅಲ್ವಾ ಅಂದುಕೊಂಡು ಆರೋಹಣ ಅವರೋಹಣ ಬರೆದು ರನ್ ಕೊಟ್ಟೆ.

ಅಮ್ಮ ಪೂರ್ತಿ ಕೇಳಿದಳು. ಶಿಷ್ಯರಿಗೆ ತೋರಿಸುವಷ್ಟೇ ತಾಳ್ಮೆ ತೋರಿಸಿದಳು. ಆಮೇಲೆ ಅಂದಳು: "ಸ್ವರ ಇದೆ ಕಣೋ. ರಾಗ ಇಲ್ಲ. ಯಾರೋ ಮೆಟ್ಟಿಲು ಹತ್ತಿ ಇಳಿದ ಹಾಗಿದೆ."

ನಾನು ಗಮಕ, ಅಂದರೆ ಸ್ವರವನ್ನು ತೂಗಿಸೋದು, ಜಾರಿಸೋದು, ತರೋಕೂ ನೋಡಿದೆ. ಬೀಪ್‌ಗೆ ದಶಾಂಶದ ಸಂಖ್ಯೆಯನ್ನೂ ಕೊಡಬಹುದು, 5.5 ಅಂದರೆ ನಾಲ್ಕನೇ ಒಂದು ಸ್ವರದ ಆಟವೂ ಸಿಗುತ್ತದೆ. ಆದರೆ ಒಂದು ಬೀಪ್ ಮುಗಿದು ಇನ್ನೊಂದು ಶುರುವಾಗುವ ಮಧ್ಯೆ ಸಣ್ಣ ಸಂದು. ಸಂದು ಸಂದಿನ ಗಮಕ ಕೇಳೋಕೆ ಆಗಲ್ಲ, ಆಟೋದಲ್ಲಿ ಕೂತು ಹಾಡಿದ ಹಾಗಾಗುತ್ತದೆ. ಬಿಟ್ಟುಬಿಟ್ಟೆ. ಹೊರಗೆ ಕಮೊಡೋರ್ 64 ಅನ್ನುವ ಕಂಪ್ಯೂಟರ್ ಮನುಷ್ಯರ ಥರ ಮಾತನಾಡುತ್ತದೆ, ಹೊಸದಾಗಿ ಬಂದ ಅಮಿಗಾ ನಿಜವಾದ ವಾದ್ಯಗಳ ಸದ್ದನ್ನೇ ನುಡಿಸುತ್ತದೆ ಅಂತೆಲ್ಲ ಪತ್ರಿಕೆಗಳಲ್ಲಿ ಓದಿ ಹೊಟ್ಟೆ ಉರಿಸಿಕೊಂಡೆ. ಪಿಯುಸಿ, ಇಂಜಿನಿಯರಿಂಗ್, ಕೆಲಸ. ಸ್ಪೆಕ್ಟ್ರಮ್ ಅಟ್ಟ ಸೇರಿತು.

ಹೋದ ವರ್ಷ ಮನೆಗೆ ಸುಣ್ಣ ಬಣ್ಣ ಮಾಡಿಸುವಾಗ ಅದು ಕೆಳಗಿಳಿಯಿತು. ಜೊತೆಗೆ ಅಮ್ಮನ ಕ್ಯಾಸೆಟ್ಟುಗಳ ಒಂದು ಬಿಸ್ಕತ್ತಿನ ಡಬ್ಬ. ಊರು ಬಿಟ್ಟು ಹೋದ ಶಿಷ್ಯೆಯರಿಗಾಗಿ ಅವಳು ಪಾಠಗಳನ್ನು ಕ್ಯಾಸೆಟ್ಟಿಗೆ ಹಾಡಿ ಅಂಚೆಯಲ್ಲಿ ಕಳಿಸುತ್ತಿದ್ದಳು. ತನಗೂ ಒಂದೊಂದು ಪ್ರತಿ ಇಟ್ಟುಕೊಳ್ಳುತ್ತಿದ್ದಳು. ಪ್ರತಿಯೊಂದರ ಮೇಲೂ ನೀಲಿ ಬಾಲ್‌ಪೆನ್ನಿನಲ್ಲಿ ಮೂರೇ ಮಾಹಿತಿ: ರಾಗ, ಏನು ಹಾಡಿದ್ದು, ಎಷ್ಟು ನಿಮಿಷ. "ಕಲ್ಯಾಣಿ – ಆಲಾಪನೆ, ವರ್ಣ – 27 ನಿಮಿಷ."

ಇಲ್ಲಿ ಒಂದು ಮಾತು. ಅಮ್ಮನ ಹಾಡು ಉಳಿಸಿಕೊಳ್ಳಬೇಕು ಅಂತ ನಾನು ಇದಕ್ಕೆ ಕೈ ಹಾಕಲಿಲ್ಲ. ನನ್ನ ಫೋನಿನಲ್ಲಿ ಅವಳ ಹಾಡು ಗಂಟೆಗಟ್ಟಲೆ ಇದೆ, ನೀಟಾಗಿ ಇದೆ. ನನಗಿದ್ದದ್ದು ಹಳೇ ಸೋಲಿನ ಕೆಂಡ. ಸ್ಪೆಕ್ಟ್ರಮ್‌ಗೆ ಹಾಡಿಸೋಕೆ ಆಗುತ್ತಾ ಇಲ್ವಾ, ಅಷ್ಟೇ.

ಮೊದಲು ಯಂತ್ರಗಳಿಗೆ ಜೀವ ಬರಬೇಕಲ್ಲ. ನ್ಯಾಷನಲ್ ಕಾಲೇಜ್ ಸ್ಟೇಷನ್‌ನಲ್ಲಿ ಮೆಟ್ರೋ ಹತ್ತಿದರೆ ಎರಡನೇ ಸ್ಟಾಪಿಗೇ ಚಿಕ್ಕಪೇಟೆ. ಅಲ್ಲಿಂದ ನಡೆದು ಎಸ್.ಪಿ. ರೋಡ್. ಲ್ಯಾಪ್‌ಟಾಪ್, ಸಿಸಿ ಕ್ಯಾಮೆರಾಗಳ ಅಂಗಡಿಗಳ ಮಧ್ಯೆ ಬಿಡಿ ಭಾಗ ಮಾರುವ ಇಕ್ಕಟ್ಟಿನ ಮಳಿಗೆಗಳು ಇನ್ನೂ ಇವೆ. ಒಂದರಲ್ಲಿ ಕೆಪಾಸಿಟರ್ ಕೊಂಡೆ, ಇನ್ನೊಂದರಲ್ಲಿ ಟೇಪ್ ರೆಕಾರ್ಡರ್ ಬೆಲ್ಟ್ ಕೇಳಿದೆ. ಅಂಗಡಿಯವರು ಮೇಲಿನ ಅರೆಯಿಂದ ಒಂದು ಪ್ಲಾಸ್ಟಿಕ್ ಚೀಲ ಇಳಿಸಿ, "ಅಳತೆ ಗೊತ್ತಾ ಸಾರ್? ಇಲ್ಲಾಂದ್ರೆ ಹತ್ತು ಥರದ್ದು ತಗೊಂಡೋಗಿ, ಒಂದು ಕೂತ್ಕೊಳತ್ತೆ" ಅಂದರು. ಹಳೇ ಬೆಲ್ಟು ಕರಗಿ ಡಾಂಬರಿನ ಥರ ಅಂಟಿಕೊಂಡಿತ್ತು, ಅಳತೆ ತೆಗೆಯೋದು ಎಲ್ಲಿಂದ? ಹತ್ತನ್ನೂ ತಂದೆ. ಆರನೆಯದು ಕೂತಿತು. ಸ್ಪೆಕ್ಟ್ರಮ್‌ನ ಕೀಬೋರ್ಡಿನ ಒಳಪದರ ಮುಟ್ಟಿದರೆ ಹಪ್ಪಳದ ಹಾಗೆ ಮುರಿಯಿತು, ಅದನ್ನು ಹೊರದೇಶದಿಂದ ತರಿಸಬೇಕಾಯಿತು. ಅಂದಹಾಗೆ ನಿಮ್ಮ ಮನೆ ಅಟ್ಟದಲ್ಲೂ ಒಂದು ಇದ್ದರೆ ನೆನಪಿಡಿ: ಅದರ 9 ವೋಲ್ಟ್ ಅಡಾಪ್ಟರಿನಲ್ಲಿ ಒಳಗೆ ಮೈನಸ್, ಹೊರಗೆ ಪ್ಲಸ್. ಈಗಿನವು ಸಾಮಾನ್ಯವಾಗಿ ಉಲ್ಟಾ. ಸುಮ್ನೆ ಸಿಕ್ಕಿದ್ದನ್ನು ಸಿಕ್ಕಿಸಿದರೆ ಸುಡುತ್ತದೆ.

ಟೇಪ್ ಓಡಿತು. ಅಮ್ಮ ಬಾಗಿಲಲ್ಲಿ ನಿಂತು ಎರಡು ನಿಮಿಷ ಕೇಳಿ, "ಶ್ರುತಿ ಅರ್ಧ ಸ್ವರ ಇಳಿದಿದೆ" ಅಂದಳು. ಅರ್ಧ ಸ್ವರ ಅಂದರೆ ವೇಗದಲ್ಲಿ ಸುಮಾರು ನೂರಕ್ಕೆ ಆರರಷ್ಟು ಕಮ್ಮಿ. ಹೊಸ ಬೆಲ್ಟು, ಹಳೇ ಮೋಟಾರು. ಮೋಟಾರಿನ ಬೆನ್ನಿಗೆ ಒಂದು ಸಣ್ಣ ತೂತು ಇರುತ್ತದೆ, ಅದರೊಳಗೆ ಸ್ಕ್ರೂಡ್ರೈವರ್ ತಿರುಗಿಸಿದರೆ ವೇಗ ಬದಲಾಗುತ್ತದೆ. ಎಷ್ಟು ತಿರುಗಿಸಬೇಕು ಅನ್ನೋದಕ್ಕೆ ಮೀಟರ್ ಹುಡುಕುತ್ತಿದ್ದೆ. ಅಮ್ಮ ತನ್ನ ಎಲೆಕ್ಟ್ರಾನಿಕ್ ತಂಬೂರಿ ತಂದಿಟ್ಟಳು. ಬೆಂಗಳೂರಿನದೇ ರಾಡೆಲ್ ಕಂಪನಿಯ ಪೆಟ್ಟಿಗೆ. ಆಗಿನ ತನ್ನ ಶ್ರುತಿಗೆ ಅದನ್ನು ಕೂಡಿಸಿದಳು. ಈಗ ಅದಕ್ಕಿಂತ ಕೆಳಗೆ ಹಾಡುತ್ತಾಳೆ, ಆದರೆ ಆಗಿನದು ಮರೆತಿಲ್ಲ. ಟೇಪಿನೊಳಗಿನ ತಂಬೂರಿಗೂ ಹೊರಗಿನ ತಂಬೂರಿಗೂ ಹೊಂದದೆ ಗುಂಯ್ ಗುಂಯ್ ಅಂತ ಅಲೆ ಏಳುತ್ತಿತ್ತು. ನಾನು ಸ್ಕ್ರೂ ತಿರುಗಿಸುತ್ತಾ ಹೋದೆ. ಅಲೆ ನಿಧಾನವಾಯಿತು, ಇನ್ನೂ ನಿಧಾನವಾಯಿತು, ನಿಂತಿತು. "ಬಿಡು, ಮುಟ್ಟಬೇಡ" ಅಂದಳು. ಆವತ್ತು ಹಾಕಿದ್ದು ಮೋಹನ ವರ್ಣದ ಪಾಠ. ಕಲ್ಯಾಣಿಯ ಕ್ಯಾಸೆಟ್ಟನ್ನು ನಾನು ಬೇಕೂಂತಲೇ ಅವಳಿಗೆ ತೋರಿಸಿರಲಿಲ್ಲ.

ಈಗ ಅಸಲಿ ವಿಷಯ. ಹಾಡನ್ನು ಕಂಪ್ಯೂಟರಿಗೆ ತುಂಬಿಸೋದು ಅಂದರೆ ಗಾಳಿಯ ಏರಿಳಿತವನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು ಸಂಖ್ಯೆಯಾಗಿ ಬರೆದಿಡೋದು. ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಸಲ, ಎಡಕ್ಕೊಂದು ಬಲಕ್ಕೊಂದು, ಒಂದೊಂದಕ್ಕೂ 16 ಬಿಟ್. ಬಿಟ್ ಅಂದರೆ ಒಂದು ಸೊನ್ನೆ ಇಲ್ಲವೇ ಒಂದು ಒಂದು; ಎಂಟು ಬಿಟ್ ಸೇರಿದರೆ ಒಂದು ಬೈಟ್. ಒಂದು ಸೆಕೆಂಡಿಗೆ 1,76,400 ಬೈಟ್ ಆಯಿತು. ಸ್ಪೆಕ್ಟ್ರಮ್‌ನಲ್ಲಿ ನನಗೆ ಸಿಗುವ ಜಾಗ 32,000 ಬೈಟ್. ಸಿ.ಡಿ. ಲೆಕ್ಕದಲ್ಲಿ ಅದು ಸೆಕೆಂಡಿನ ಐದನೇ ಒಂದು ಭಾಗವೂ ಅಲ್ಲ. "ಸಾ" ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಮುಗಿದುಹೋಗುತ್ತದೆ.

ಸಾಲದ್ದಕ್ಕೆ, ಅಳೆಯೋ ಸಾಧನವೇ ಸ್ಪೆಕ್ಟ್ರಮ್‌ನಲ್ಲಿಲ್ಲ. ಅದಕ್ಕಿರುವ ಒಂದೇ ಕಿವಿ ಕ್ಯಾಸೆಟ್ಟಿನಿಂದ ಪ್ರೋಗ್ರಾಂ ಓದುವ ಇಯರ್ ಸಾಕೆಟ್. ಆ ಕಿವಿಗೆ ಎಷ್ಟು ಜೋರು ಅಂತ ಗೊತ್ತಾಗಲ್ಲ. ಅದಕ್ಕೊಂದು ಹೊಸ್ತಿಲಿದೆ. ಸದ್ದು ಹೊಸ್ತಿಲು ದಾಟಿದರೆ ಒಂದು, ದಾಟದಿದ್ದರೆ ಸೊನ್ನೆ. 254ನೇ ಪೋರ್ಟನ್ನು, ಅಂದರೆ ಪ್ರೊಸೆಸರ್ ಹೊರಗಿನವರ ಜೊತೆ ಮಾತಾಡುವ ಬಾಗಿಲನ್ನು, ಓದಿದರೆ ಆರನೇ ಬಿಟ್ಟಿನಲ್ಲಿ ಆ ಉತ್ತರ ಸಿಗುತ್ತದೆ. ಬಾಯಿಯೂ ಅದೇ ಪೋರ್ಟಿನಲ್ಲಿ, ನಾಲ್ಕನೇ ಬಿಟ್. ಒಂದು ಬರೆದರೆ ಸ್ಪೀಕರಿನ ಹಾಳೆ ಮುಂದೆ, ಸೊನ್ನೆ ಬರೆದರೆ ಹಿಂದೆ. ಮಧ್ಯದಲ್ಲಿ ಎಲ್ಲೂ ನಿಲ್ಲಲ್ಲ.

ಇಷ್ಟರಲ್ಲಿ ಹಾಡು ಹೇಗೆ ಬಂದೀತು? ನನಗೂ ನಂಬಿಕೆ ಇರಲಿಲ್ಲ. ಆದರೆ 1940ರ ದಶಕದಲ್ಲೇ ಲಿಕ್‌ಲೈಡರ್ ಅನ್ನುವ ವಿಜ್ಞಾನಿ ಇದನ್ನು ಮಾತಿನ ಮೇಲೆ ಮಾಡಿ ನೋಡಿದ್ದರು. ಧ್ವನಿಯ ಅಲೆಯ ಎತ್ತರವನ್ನೆಲ್ಲ ಕತ್ತರಿಸಿ, ಬರೀ ಮೇಲೆ ಕೆಳಗೆ ಅನ್ನುವಷ್ಟನ್ನೇ ಉಳಿಸಿದರೂ ಜನಕ್ಕೆ ಮಾತು ಅರ್ಥವಾಗುತ್ತಿತ್ತು. ಕರ್ಕಶ, ಆದರೆ ಅರ್ಥವಾಗುತ್ತಿತ್ತು. (ಮುಂದೆ ಅಮೆರಿಕದ ರಕ್ಷಣಾ ಇಲಾಖೆಯ ಆರ್ಪಾ ಸೇರಿ, ಈಗಿನ ಇಂಟರ್ನೆಟ್ಟಿಗೆ ದಾರಿ ಹಾಕಿದವರಲ್ಲಿ ಒಬ್ಬರಾದದ್ದೂ ಇದೇ ಲಿಕ್‌ಲೈಡರ್.) ಅಲೆ ಯಾವ ಗಳಿಗೆಯಲ್ಲಿ ದಾಟಿತು ಅನ್ನುವುದರಲ್ಲೇ ಬೇಕಾದಷ್ಟು ಸುದ್ದಿ ಇರುತ್ತದೆ.

ಸೆಕೆಂಡಿಗೆ 16,000 ಸಲ ಇಣುಕಿ ನೋಡೋದು, ಎಂಟು ಉತ್ತರ ಸೇರಿಸಿ ಒಂದು ಬೈಟ್ ಮಾಡೋದು. 32,000 ಬೈಟ್ ಅಂದರೆ 2,56,000 ಉತ್ತರ. ಭಾಗಿಸಿದರೆ ಸರಿಯಾಗಿ 16 ಸೆಕೆಂಡು. ಅಕ್ಷರಕ್ಕೆ ಒಂದು ಸೆಕೆಂಡಿನ ಹಾಗೆ ಆದಿತಾಳ ಹಾಕಿದರೆ ಎರಡು ಆವರ್ತ! ಕಾಗದದ ಮೇಲೆ ಈ ಲೆಕ್ಕ ಬಿದ್ದ ರಾತ್ರಿ ನಿದ್ದೆ ಬರಲಿಲ್ಲ.

ಬೇಸಿಕ್ ಇಷ್ಟು ವೇಗಕ್ಕೆ ಆಗಲ್ಲ. ಝೆಡ್ 80ಯ ಯಂತ್ರಭಾಷೆಯಲ್ಲೇ ಬರೆಯಬೇಕು. ಒಂದೊಂದು ಆಜ್ಞೆಗೆ ಎಷ್ಟು ಬಡಿತ ಅಂತ ಎಣಿಸುತ್ತಾ, ಒಂದು ಇಣುಕಿನಿಂದ ಮುಂದಿನ ಇಣುಕಿಗೆ 219 ಬಡಿತ ಬರುವ ಹಾಗೆ ಹೊಂದಿಸಬೇಕು. ಕೈಯಲ್ಲಿ ತಾಳ ಹಾಕಿಕೊಂಡು ಸ್ವರ ಬರೆಯುವ ಕೆಲಸಕ್ಕೂ ಇದಕ್ಕೂ ಜಾಸ್ತಿ ವ್ಯತ್ಯಾಸ ನನಗೆ ಕಾಣಲಿಲ್ಲ.

ಮೊದಲ ಸಲ ನುಡಿಸಿದಾಗ ಹಾಡಿಗೆ ಚಳಿಜ್ವರ ಬಂದಂತಿತ್ತು. ಸ್ವರ ಸ್ವರಕ್ಕೂ ನಡುಕ. ಎರಡು ಸಂಜೆ ಹಾಳಾದ ಮೇಲೆ ತಪ್ಪು ಗೊತ್ತಾಯಿತು. ಸ್ಪೆಕ್ಟ್ರಮ್‌ನ ಕೆಳಗಿನ 16 ಕೆ ಮೆಮೊರಿಯನ್ನು ಪ್ರೊಸೆಸರೂ, ಪರದೆಗೆ ಚಿತ್ರ ಬಿಡಿಸುವ ಚಿಪ್ಪೂ ಹಂಚಿಕೊಳ್ಳುತ್ತವೆ. ಚಿತ್ರದ ಚಿಪ್ಪಿಗೆ ಬೇಕಾದಾಗ ಪ್ರೊಸೆಸರ್ ತಡೆದು ನಿಲ್ಲಬೇಕು. ಒಂದು ಚಿತ್ರದ 312 ಗೆರೆಗಳಲ್ಲಿ 192 ಗೆರೆ ಬಿಡಿಸುವಾಗ ಈ ತಡೆ, ಉಳಿದಾಗ ಇಲ್ಲ. ಹೀಗೆ ಸೆಕೆಂಡಿಗೆ 50 ಸಲ. ನನ್ನ ಪ್ರೋಗ್ರಾಂ ಕೂತಿದ್ದದ್ದು ಅದೇ ಜಾಗದಲ್ಲಿ! 32768ರ ಮೇಲಿನ ವಿಳಾಸಕ್ಕೆ ಎತ್ತಿಟ್ಟೆ, ಪ್ರೊಸೆಸರಿನ ಕೆಲಸದ ಮಧ್ಯೆ ಬಾಯಿ ಹಾಕುವ ಇಂಟರಪ್ಟ್ ನಿಲ್ಲಿಸಿದೆ. ಜ್ವರ ಬಿಟ್ಟಿತು.

ಆಮೇಲೆ ಬಂದದ್ದೇ ಅಡುಗೆಮನೆಯ ಆ ಪ್ರಶ್ನೆ.

ಕಂಪ್ಯೂಟರಿನಿಂದ ಆಂಪ್ಲಿಫೈಯರಿಗೆ ಎಳೆದಿದ್ದ ತಂತಿ ನೋಡಿ, ಪಕ್ಕದಲ್ಲಿದ್ದ ಕ್ಯಾಸೆಟ್ ಹೆಸರು ಓದಿ, ಅಮ್ಮ ಸೋಫಾದಲ್ಲಿ ಕೂತಳು. "ಇನ್ನೊಂದು ಸಲ ಹಾಕು." ಹಾಕಿದೆ. "ಇನ್ನೊಂದು ಸಲ." ನಾಲ್ಕು ಸಲ ಕೇಳಿದ ಮೇಲೆ ತೀರ್ಪು ಬಂತು.

"ಗಮಕ ಇದೆ. ಆ ಮ ದಿಂದ ಪ ಕ್ಕೆ ಜಾರೋದು ಕೂಡ ಸರಿಯಾಗೇ ಬಂದಿದೆ. ಆದ್ರೆ ನನ್ನ ಗಂಟಲು ಎಲ್ಲಿ? ತಂಬೂರಿ ಎಲ್ಲಿ?"

ಹುಡುಗನಾಗಿದ್ದಾಗ ಸ್ವರ ಇತ್ತು, ರಾಗ ಇರಲಿಲ್ಲ. ಈಗ ರಾಗ ಇದೆ, ಹಾಡುವವರಿಲ್ಲ. ಯಾಕೆ ಅಂತ ಅವಳಿಗೆ ವಿವರಿಸೋಕೆ ಹೋಗಿ ನನಗೇ ಸರಿಯಾಗಿ ತಿಳಿಯಿತು. ಒಂದು ಬಿಟ್ ಅಂದರೆ ಒಬ್ಬರಿಗೇ ಜಾಗ ಇರುವ ಸೀಟು. ಎರಡು ಸದ್ದು ಬಂದರೆ ಜೋರಿನದು ಕೂರುತ್ತದೆ, ಇನ್ನೊಂದು ಹೆಚ್ಚುಕಮ್ಮಿ ಬಿದ್ದೇ ಹೋಗುತ್ತದೆ. ಅಮ್ಮ ಹಾಡುವಾಗ ತಂಬೂರಿ ಮಾಯ. ಅವಳು ಉಸಿರು ತೆಗೆದುಕೊಳ್ಳುವಾಗ ಅರೆಗಳಿಗೆ ತಂಬೂರಿ ಧಡಕ್ಕಂತ ಅವಳಷ್ಟೇ ಜೋರಾಗಿ ಎದ್ದು, ಮತ್ತೆ ಮಾಯ. ತಂಬೂರಿಯ ಸೊಗಸೆಲ್ಲ ಇರುವುದು ಕುದುರೆಯ (ತಂತಿಗಳನ್ನು ಎತ್ತಿ ಹಿಡಿಯುವ ಪಟ್ಟಿಯ) ಮೇಲೆ ತಂತಿ ಅಡಿಗೆ ಇಡುವ ಆ ದಾರದಲ್ಲಿ, ಅದರಿಂದ ಹುಟ್ಟುವ ಮೇಲಿನ ಸಣ್ಣ ಸಣ್ಣ ಸ್ವರಗಳ ಝೇಂಕಾರದಲ್ಲಿ. ಅವೆಲ್ಲ ಹೊಸ್ತಿಲ ಆಚೆಗೇ ನಿಂತವು.

"ಜೋರು ಮೆಲ್ಲಗೆ ಅನ್ನೋದೇ ಇಲ್ವಲ್ಲೋ ಇದರಲ್ಲಿ" ಅಂದಳು ಅಮ್ಮ. "ಎಲ್ಲ ಒಂದೇ ಗಟ್ಟಿ. ಪಿಸುಗುಟ್ಟಿದ್ರೂ ಕೂಗಿದ ಹಾಗೆ. ಇಲ್ಲಾಂದ್ರೆ ಇಲ್ಲವೇ ಇಲ್ಲ."

ವಾಲ್ಯೂಮ್ ತಿರುಗಿಸಿ ನೋಡಿದೆ. ಕಮ್ಮಿ ಮಾಡಿದರೆ ಮೆಲ್ಲನೆಯ ಸಂಗತಿಗಳು ಪೂರ್ತಿ ಕಳೆದುಹೋದವು. ಜಾಸ್ತಿ ಮಾಡಿದರೆ ಟೇಪಿನ ಉಸ್ಸೆನ್ನುವ ಸದ್ದೇ ಹೊಸ್ತಿಲು ದಾಟಿ, ಮೌನ ಇರಬೇಕಾದ ಕಡೆ ಕಿವಿಗಡಚಿಕ್ಕುವ ಗಲಾಟೆ. ಒಂದು ಬಿಟ್ ಅಂದ ಮಾತ್ರಕ್ಕೆ ಕೀಳು ಅಂತೇನೂ ಇಲ್ಲ. ಸೂಪರ್ ಆಡಿಯೋ ಸಿ.ಡಿ. ಅಂತ ದುಬಾರಿ ಡಿಸ್ಕ್ ಬಂತಲ್ಲ, ಅದರಲ್ಲೂ ಇರುವುದು ಒಂದೇ ಬಿಟ್. ಆದರೆ ಅದು ನೋಡುವುದು ಸೆಕೆಂಡಿಗೆ 28,22,400 ಸಲ. ನನ್ನ ಬಡಪಾಯಿ ಎಲ್ಲಿ, ಅದೆಲ್ಲಿ.

ಪರಿಹಾರ ಹೊಳೆದದ್ದು ಹೋದ ಸೆಪ್ಟೆಂಬರಿನ ಮಳೆಯಲ್ಲಿ. ರಸ್ತೆ ತುಂಬಿ ನಮ್ಮ ಅಂಗಳದಲ್ಲಿ ನೀರು ನಿಂತಿತ್ತು. ಹೊಸ್ತಿಲ ಮಟ್ಟಕ್ಕೆ ತುಳುಕುತ್ತಿತ್ತು. ಹೊರಗೆ ಒಂದು ಸ್ಕೂಟರ್ ಹೋದರೂ ಸಾಕು, ಸಣ್ಣ ಅಲೆ ಬಂದು ಒಂದು ಚೂರು ಒಳಗೆ. ಬಸ್ ಹೋದರೆ ಜಾಸ್ತಿ. ಕೈಯಲ್ಲಿ ಪೊರಕೆ ಹಿಡಿದು ನಿಂತಿದ್ದವನಿಗೆ ಕಾಲೇಜಿನಲ್ಲಿ ಓದಿದ್ದ ಡಿದರ್ ಪಾಠ ನೆನಪಾಯಿತು. ಹೊಸ್ತಿಲ ಹತ್ತಿರ ಸದಾ ಏನಾದರೂ ತುಳುಕುತ್ತಾ ಇದ್ದರೆ, ಎಷ್ಟು ಸಣ್ಣ ಸದ್ದಾದರೂ ತನ್ನ ಗಾತ್ರಕ್ಕೆ ತಕ್ಕಷ್ಟು ಸಲ ದಾಟುತ್ತದೆ. ಜೋರಿನದು ಹೆಚ್ಚು ಸಲ, ಮೆಲ್ಲನೆಯದು ಕಮ್ಮಿ ಸಲ. ಉಳಿದದ್ದನ್ನು ಕಿವಿ ತಾನೇ ಕೂಡಿಸಿಕೊಳ್ಳುತ್ತದೆ.

ಅಂದರೆ ಹಾಡು ಚೆನ್ನಾಗಿ ಬರಬೇಕಾದರೆ ಅದಕ್ಕೆ ಗಲಾಟೆ ಬೆರೆಸಬೇಕು! ಎಫ್‌ಎಂ ರೇಡಿಯೋವನ್ನು ಎರಡು ಸ್ಟೇಷನ್‌ಗಳ ಮಧ್ಯೆ ನಿಲ್ಲಿಸಿದೆ. ಆ ಶ್ಶ್ಶ್ ಸದ್ದನ್ನೂ ಟೇಪಿನ ಹಾಡನ್ನೂ ಎರಡು ರೆಸಿಸ್ಟರ್ ಹಾಕಿ ಸೇರಿಸಿ ಸ್ಪೆಕ್ಟ್ರಮ್‌ನ ಕಿವಿಗೆ ಕೊಟ್ಟೆ. ಎಷ್ಟು ಶ್ಶ್ ಬೇಕು ಅನ್ನೋದಕ್ಕೆ ಲೆಕ್ಕ ಇದೆ, ಆದರೆ ನಾನು ಒಗ್ಗರಣೆಗೆ ಸಾಸಿವೆ ಹಾಕುವ ಹಾಗೆ ಅಂದಾಜಿನಲ್ಲೇ ಹಾಕಿದೆ. ಕಮ್ಮಿಯಾದರೆ ಮತ್ತೆ ಗಂಟಲು ಕೆಡುತ್ತದೆ, ಜಾಸ್ತಿಯಾದರೆ ಹಾಡು ಮುಳುಗುತ್ತದೆ. ಏಳೆಂಟು ಸಲ ತುಂಬಿಸಿದ ಮೇಲೆ ಅಮ್ಮನನ್ನು ಕರೆದೆ.

ಅವಳು ಕಣ್ಣು ಮುಚ್ಚಿ ಕೇಳಿದಳು. ಹದಿನಾರು ಸೆಕೆಂಡು.

"ಎರಡೇ ಆವರ್ತಕ್ಕೆ ಮುಗಿದೋಯ್ತಾ?"

"ಜಾಗ ಅಷ್ಟೇ ಇರೋದು ಅಮ್ಮ."

"ಮಳೆಯಲ್ಲಿ ಯಾರೋ ಪಕ್ಕದ ಮನೆ ಜಗಲಿ ಮೇಲೆ ಕೂತು ಹಾಡಿದ ಹಾಗಿದೆ." ಸ್ವಲ್ಪ ಹೊತ್ತು ಬಿಟ್ಟು, "ಇದು ನಾನೇ. ತಂಬೂರಿ ಮೀಟ್ತಿರೋಳು ಯಾರು ಅಂತಲೂ ಗೊತ್ತಾಯ್ತು. ಅವಳು ಪಂಚಮದ ತಂತೀನ ಯಾವಾಗ್ಲೂ ಒಂದು ಚೂರು ಬೇಗ ಮೀಟೋಳು. ಎಷ್ಟು ಹೇಳಿದ್ರೂ ತಿದ್ಕೊಳ್ಲಿಲ್ಲ."

ಒಂದೇ ಬಿಟ್ಟಿನ ಯಂತ್ರದಿಂದ, ರೇಡಿಯೋ ಗದ್ದಲದ ಮಧ್ಯದಿಂದ, ಮೂವತ್ತು ವರ್ಷದ ಹಿಂದಿನ ಹುಡುಗಿಯೊಬ್ಬಳ ಬೆರಳಿನ ಅವಸರ ಅಮ್ಮನಿಗೆ ಕೇಳಿಸಿತು. ನನಗೆ ಕೇಳಿಸಲಿಲ್ಲ. ಆಮೇಲೆ ಹತ್ತು ಸಲ ಹಾಕಿ ಕೇಳಿದೆ, ಈಗಲೂ ಕೇಳಿಸಲ್ಲ. ಇದರಲ್ಲಿ ಯಂತ್ರದ ಪಾಲೆಷ್ಟು, ಅಮ್ಮನ ಪಾಲೆಷ್ಟು ಅಂತ ಬೇರೆ ಮಾಡೋಕೆ ನನ್ನಿಂದ ಆಗಿಲ್ಲ.

ಕರೆಂಟ್ ಹೋದರೆ ಮೆಮೊರಿಯಲ್ಲಿರುವುದೆಲ್ಲ ಹೋಗುತ್ತದೆ. ಹನುಮಂತನಗರದ ಕರೆಂಟನ್ನು ನಂಬಿ ಕೂರೋಕಾಗಲ್ಲ, ಕ್ಯಾಸೆಟ್ಟಿಗೆ ಸೇವ್ ಮಾಡಬೇಕು. ಸ್ಪೆಕ್ಟ್ರಮ್ ಕ್ಯಾಸೆಟ್ಟಿಗೆ ಬರೆಯುವಾಗ ಸೊನ್ನೆಗೆ ಗಿಡ್ಡ ಸದ್ದು, ಒಂದಕ್ಕೆ ಅದರ ಎರಡರಷ್ಟು ಉದ್ದದ ಸದ್ದು ಹಾಕುತ್ತದೆ. ನಮ್ಮ 2,56,000 ಬಿಟ್‌ಗಳನ್ನು ಹೀಗೆ ಬರೆಯಲು ಮೂರೂಕಾಲು ನಿಮಿಷ ಹಿಡಿಯಿತು. ಕ್ಯಾಸೆಟ್ಟಿನಿಂದ ಹದಿನಾರು ಸೆಕೆಂಡಿನ ಹಾಡಾಗಿ ಒಳಗೆ ಹೋದದ್ದು, ಮೂರೂಕಾಲು ನಿಮಿಷದ ಕಿರುಚಾಟವಾಗಿ ಕ್ಯಾಸೆಟ್ಟಿಗೇ ವಾಪಸ್ ಬಂತು. ಸರಿಯಾಗಿ ಬಂದಿದೆಯಾ ಅಂತ ಟೇಪ್ ರೆಕಾರ್ಡರಿನಲ್ಲಿ ಹಾಕಿದೆ. ಅಮ್ಮ ಕಿವಿ ಮುಚ್ಚಿಕೊಂಡಳು.

"ಇದೂ ನಾನೇನಾ?"

"ಹ್ಞೂಂ ಅಮ್ಮ. ಇದೂ ನೀನೇ."

ಮರುದಿನ ಬೆಳಿಗ್ಗೆ ನೋಡಿದರೆ ಕ್ಯಾಸೆಟ್ ಬಿಸ್ಕತ್ತಿನ ಡಬ್ಬದಲ್ಲಿ, ಮೋಹನ ವರ್ಣದ ಪಕ್ಕದಲ್ಲಿ ಸೇರಿತ್ತು. ಮೇಲೆ ನೀಲಿ ಬಾಲ್‌ಪೆನ್ನಿನ ಅಕ್ಷರ, ಈಗ ಸ್ವಲ್ಪ ನಡುಗುವ ಅಕ್ಷರ: "ಕಲ್ಯಾಣಿ – ಆಲಾಪನೆ, ಮಳೆಯಲ್ಲಿ – 16 ಸೆಕೆಂಡು." ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದ್ದಳು: "ಟೇಪಿನಲ್ಲಿ ಹಾಕಬೇಡಿ."